ಥಿನ್ನರ್, ಕೀಟನಾಶಕ, ಕ್ಲೀನರ್: ಮಿಶ್ರಣ ಲಾರಿ ಹತ್ತುವ ಮುನ್ನ ಯುಎನ್ ನಂಬರ್ ಗೊತ್ತುಮಾಡುವ ಬಗೆ

ಅಪಾಯಕಾರಿ ಸರಕನ್ನು ಸಾಗಣೆಯಲ್ಲಿ ಗುರುತಿಸುವ ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆಯೇ ಯುಎನ್ ನಂಬರ್. ಡ್ರಮ್ಮಿನಲ್ಲಿ ಒಂದೇ ರಾಸಾಯನಿಕ ಇದ್ದರೆ ಅದನ್ನು ಹುಡುಕುವ ಕೆಲಸ ಸುಲಭ. ಅಪಾಯಕಾರಿ ಸರಕುಗಳ ಪಟ್ಟಿ ತೆರೆದರೆ ಟೊಲ್ಯೂಯಿನ್‌ಗೆ ಯುಎನ್ 1294, ಮೆಥನಾಲ್‌ಗೆ ಯುಎನ್ 1230 ಎಂದು ಸಿಗುತ್ತದೆ. ಎರಡನ್ನೂ ಬೆರೆಸಿ ಥಿನ್ನರ್ ಮಾಡಿದಿರೋ, ಆ ಎರಡು ನಂಬರೂ ಕೈಬಿಟ್ಟಂತೆ. ಆಗ ನೋಡಬೇಕಾದ್ದು ಮಿಶ್ರಣದ ಗುಣವನ್ನು. ಪೀಣ್ಯದ ಥಿನ್ನರ್ ಘಟಕವಾಗಲಿ, ನಂಜನಗೂಡಿನ ಫಾರ್ಮುಲೇಷನ್ ಘಟಕವಾಗಲಿ, ಹೆಚ್ಚಿನ ತಪ್ಪು ಆಗುವುದು ಇಲ್ಲೇ: ಸಪ್ಲೈಯರ್ ಕೊಟ್ಟ ಎಂಎಸ್‌ಡಿಎಸ್‌ನ (ಸುರಕ್ಷತಾ ಮಾಹಿತಿ ಪತ್ರದ) 14ನೇ ವಿಭಾಗದಿಂದ ನಂಬರ್ ಎತ್ತಿ ತಮ್ಮ ಇನ್‌ವಾಯ್ಸ್‌ಗೆ ಅಂಟಿಸಿಬಿಡುತ್ತಾರೆ. ಅದು ಅವರ ಸರಕಿನ ನಂಬರು, ನಿಮ್ಮದಲ್ಲ.

ರಸ್ತೆಯಲ್ಲಿ ಸಾಗಿಸುವಾಗ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 129ರಿಂದ 137ರವರೆಗಿನ ನಿಯಮಗಳು ಅನ್ವಯ. ಸರಕು ಕಳಿಸುವವರ ಹೊಣೆ 131ನೇ ನಿಯಮದಲ್ಲಿದೆ. ಸರಕಿನ ಅಪಾಯದ ಬಗ್ಗೆ ಸರಿಯಾದ ಮಾಹಿತಿ ಕೊಡಬೇಕಾದವರು ಅವರೇ. ನವಮಂಗಳೂರು ಬಂದರಿನಿಂದ ಹಡಗು ಹತ್ತುವುದಾದರೆ ಐಎಂಡಿಜಿ ಕೋಡ್, ಅಂದರೆ ಸಮುದ್ರ ಮಾರ್ಗದ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ನಿಯಮಾವಳಿ. ಕೆಳಗಿನ ಅಳತೆಗೋಲುಗಳೆಲ್ಲ ವಿಶ್ವಸಂಸ್ಥೆಯ ಮಾದರಿ ನಿಯಮಾವಳಿಯವು. ಐಎಂಡಿಜಿ ಕೋಡ್‌ನ ವರ್ಗೀಕರಣಕ್ಕೂ ಅದೇ ಆಧಾರ.

ಮೊದಲು ರೆಸಿಪಿ

ಮಿಶ್ರಣದಲ್ಲಿರುವ ಪ್ರತಿ ಘಟಕದ ಹೆಸರು, ತೂಕದ ಲೆಕ್ಕದಲ್ಲಿ ಶೇಕಡಾವಾರು, ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆದುಕೊಳ್ಳಿ. ಥಿನ್ನರ್ ವ್ಯಾಪಾರದಲ್ಲಿ ಸಾಲ್ವೆಂಟ್ ಬೆಲೆ ಏರಿಳಿದಂತೆ ರೆಸಿಪಿಯೂ ಬದಲಾಗುತ್ತದೆ. ಮೆಥನಾಲ್ ಅಗ್ಗವಾದ ತಿಂಗಳು ಶೇ 20 ಇದ್ದದ್ದು 35ಕ್ಕೆ ಏರಿರುತ್ತದೆ. ವರ್ಗೀಕರಣವನ್ನು ಗರಿಷ್ಠ ಅಪಾಯ ಕೊಡುವ ತುದಿಗೆ ಮಾಡಬೇಕು, ಸರಾಸರಿಗಲ್ಲ. ರಿಕವರಿ ಸಾಲ್ವೆಂಟ್ (ಬಳಸಿದ್ದನ್ನು ಶುದ್ಧಮಾಡಿ ಮರಳಿ ಪಡೆದದ್ದು) ಬಳಸುವವರು ಪ್ರತಿ ಲಾಟ್‌ಗೂ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಫಿ) ವರದಿ ತರಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಒಳಗೇನಿದೆ ಎಂಬುದು ಮಾರಿದವರಿಗೂ ತಿಳಿದಿರುವುದಿಲ್ಲ.

ಉರಿಯುವ ಗುಣ: ಲೆಕ್ಕವಲ್ಲ, ಪರೀಕ್ಷೆ

ದ್ರವದ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಕ್ಲೋಸ್ಡ್ ಕಪ್‌ನಲ್ಲಿ (ಮುಚ್ಚಿದ ಪಾತ್ರೆಯ ಪರೀಕ್ಷೆಯಲ್ಲಿ) ಅದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದ್ರವ ಕ್ಲಾಸ್ 3, ಅಂದರೆ ಉರಿಯುವ ದ್ರವ. ಕುದಿಯಲು ಶುರುವಾಗುವ ಉಷ್ಣತೆ 35 ಡಿಗ್ರಿ ಅಥವಾ ಅದರೊಳಗಿದ್ದರೆ ಪ್ಯಾಕಿಂಗ್ ಗ್ರೂಪ್ 1 (ಇದು ಅಪಾಯದ ದರ್ಜೆ; 1 ಅತಿ ಹೆಚ್ಚು, 3 ಕಡಿಮೆ). ಅದಕ್ಕಿಂತ ಹೆಚ್ಚಿದ್ದು ಫ್ಲ್ಯಾಶ್ 23ಕ್ಕಿಂತ ಕಡಿಮೆಯಾದರೆ ಗ್ರೂಪ್ 2. 23ರಿಂದ 60ರೊಳಗಾದರೆ ಗ್ರೂಪ್ 3.

ಘಟಕಗಳ ಫ್ಲ್ಯಾಶ್ ಪಾಯಿಂಟ್ ಕೂಡಿಸಿ ಸರಾಸರಿ ತೆಗೆಯುವುದು ಶುದ್ಧ ತಪ್ಪು. ಬೇಗ ಆವಿಯಾಗುವ ಘಟಕ ಸ್ವಲ್ಪವೇ ಇದ್ದರೂ ಕಪ್‌ನ ಮೇಲ್ಭಾಗವನ್ನು ತುಂಬುವುದು ಅದರ ಆವಿಯೇ. ಝೈಲೀನ್ ಆಧಾರದ ಮಿಶ್ರಣಕ್ಕೆ ಶೇ 5 ಅಸಿಟೋನ್ ಸೇರಿಸಿದರೆ ಗ್ರೂಪ್ 3ರಿಂದ 2ಕ್ಕೆ ಇಳಿಯಲು ಅಷ್ಟೇ ಸಾಕಾದೀತು. ಆಲ್ಕೋಹಾಲ್ ಮತ್ತು ಹೈಡ್ರೊಕಾರ್ಬನ್ ಬೆರೆತಾಗ ಮಿಶ್ರಣದ ಫ್ಲ್ಯಾಶ್ ಕೆಲವೊಮ್ಮೆ ಎರಡೂ ಘಟಕಗಳಿಗಿಂತ ಕೆಳಗಿಳಿಯುವುದುಂಟು. ಹಾಗಾಗಿ ಲ್ಯಾಬ್‌ಗೆ ಕಳಿಸಿ, ಅಬೆಲ್ ಅಥವಾ ಪೆನ್ಸ್ಕಿ ಮಾರ್ಟೆನ್ಸ್ ಕ್ಲೋಸ್ಡ್ ಕಪ್ ಎಂದು ಸ್ಪಷ್ಟವಾಗಿ ಕೇಳಿ. ವರದಿಯಲ್ಲಿ ಓಪನ್ ಕಪ್ ಎಂದಿದ್ದರೆ ಹಿಂದಿರುಗಿಸಿ; ಓಪನ್ ಕಪ್ ಸಾಮಾನ್ಯವಾಗಿ ಹೆಚ್ಚಿನ ಅಂಕಿ ತೋರಿಸುತ್ತದೆ. ಸ್ಯಾಂಪಲ್ ಬಾಟಲಿಯನ್ನು ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾಗಿ ಕಳಿಸಬೇಕು. ಅರ್ಧ ತುಂಬಿದ ಬಾಟಲಿ ಬಿಸಿಲಲ್ಲಿ ಕೂತರೆ ಹಗುರ ಸಾಲ್ವೆಂಟ್ ಹಾರಿಹೋಗಿ, ಫಲಿತಾಂಶ ನಿಮಗೆ ಹಿತವಾಗಿ, ನಿಜಕ್ಕೆ ದೂರವಾಗಿ ಬರುತ್ತದೆ.

ದಪ್ಪ ಪೇಂಟಿಗೆ ಸ್ನಿಗ್ಧತೆ ಮತ್ತು ಸಾಲ್ವೆಂಟ್ ಬೇರ್ಪಡುವ ಪರೀಕ್ಷೆಗಳಲ್ಲಿ ಪಾಸಾದರೆ ಗ್ರೂಪ್ 2ರಿಂದ 3ಕ್ಕೆ ಹೋಗುವ ರಿಯಾಯಿತಿ ಇದೆ. ನೀರಿನಂತೆ ತೆಳುವಾದ ಥಿನ್ನರ್‌ಗೆ ಆ ದಾರಿ ಇಲ್ಲ.

ವಿಷದ ಲೆಕ್ಕ

ವಿಷಕಾರಿ ವಸ್ತುಗಳ ಕ್ಲಾಸ್ 6.1ರಲ್ಲಿ ನುಂಗಿದಾಗಿನ ಎಲ್‌ಡಿ50 ಮೌಲ್ಯ (ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ) 5 ಮಿಗ್ರಾಂ/ಕೆಜಿ ಅಥವಾ ಕಡಿಮೆಯಾದರೆ ಗ್ರೂಪ್ 1, 50ರವರೆಗೆ ಗ್ರೂಪ್ 2, 300ರವರೆಗೆ ಗ್ರೂಪ್ 3. ಚರ್ಮದ ಮೂಲಕವಾದರೆ ಇದೇ ಗಡಿಗಳು 50, 200, 1000. ಉಸಿರಿನ ಮೂಲಕದ್ದಕ್ಕೆ ಬೇರೆಯೇ ಮಾನದಂಡವಿದ್ದು, ಅದನ್ನೂ ನೋಡಬೇಕು. ಮಿಶ್ರಣಕ್ಕೆ ಹೊಸದಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಸಬೇಕಿಲ್ಲ. ಒಂದೊಂದು ವಿಷಕಾರಿ ಘಟಕದ ಶೇಕಡಾವನ್ನು ಅದರ ಎಲ್‌ಡಿ50ಯಿಂದ ಭಾಗಿಸಿ, ಎಲ್ಲವನ್ನೂ ಕೂಡಿಸಿ, 100ನ್ನು ಆ ಮೊತ್ತದಿಂದ ಭಾಗಿಸಿದರೆ ಮಿಶ್ರಣದ ಎಲ್‌ಡಿ50.

ಮೆಥನಾಲ್ ಇಲ್ಲಿ ಎಡವಿಸುವ ವಸ್ತು. ಇಲಿಗಳಲ್ಲಿ ಅದರ ಎಲ್‌ಡಿ50 ಐದು ಸಾವಿರದ ಮೇಲಿದೆ. ಅದನ್ನೇ ಸೂತ್ರಕ್ಕೆ ಹಾಕಿದರೆ ವಿಷವೇ ಅಲ್ಲ ಎನ್ನಿಸುತ್ತದೆ. ಮನುಷ್ಯರ ಕಥೆ ಬೇರೆ, ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು, ಜೀವ ಕಳೆದುಕೊಂಡವರು ಎಷ್ಟೋ ಜನ. ಪಟ್ಟಿಯಲ್ಲಿ ಮೆಥನಾಲ್‌ಗೆ 6.1 ಉಪಅಪಾಯ (ಮುಖ್ಯ ಕ್ಲಾಸಿನ ಜೊತೆಗಿನ ಎರಡನೇ ಅಪಾಯ) ಇರುವುದು ಮನುಷ್ಯರ ಅನುಭವದಿಂದ. ಇಂಥಲ್ಲಿ ಜಿಎಚ್‌ಎಸ್‌ನ (ರಾಸಾಯನಿಕಗಳ ಅಪಾಯ ವಿಂಗಡಿಸುವ ಜಾಗತಿಕ ಪದ್ಧತಿಯ) ಕ್ಯಾಟಗರಿ 3ಕ್ಕೆ ಗೊತ್ತುಮಾಡಿದ ಪರಿವರ್ತಿತ ಮೌಲ್ಯಗಳನ್ನು ಬಳಸುವುದು ರೂಢಿ: ನುಂಗುವುದಕ್ಕೆ 100, ಚರ್ಮಕ್ಕೆ 300. ಟೊಲ್ಯೂಯಿನ್, ಬ್ಯೂಟೈಲ್ ಅಸಿಟೇಟ್ ಜೊತೆ ಶೇ 25 ಮೆಥನಾಲ್ ಇದ್ದರೆ 100ನ್ನು 100ರಿಂದ ಗುಣಿಸಿ 25ರಿಂದ ಭಾಗಿಸಿ, 400, ಚರ್ಮದ್ದು 1200. ಎರಡೂ ಗಡಿಯ ಆಚೆ. ಅದೇ ಶೇ 35 ಆದರೆ 286 ಮತ್ತು 857, ಎರಡೂ ಗ್ರೂಪ್ 3ರೊಳಗೆ. ಚರ್ಮದ ಗಡಿ ಶೇ 30ಕ್ಕೇ ಮುಟ್ಟುತ್ತದೆ. ನುಂಗುವುದನ್ನು ಮಾತ್ರ ಲೆಕ್ಕ ಹಾಕಿದವರು 30ರಿಂದ 33ರ ನಡುವಿನ ಮಿಶ್ರಣವನ್ನು ತಪ್ಪಾಗಿ ಬಿಟ್ಟುಬಿಡುತ್ತಾರೆ.

ಹೆಸರು ಯಾವುದು?

ಶೇ 25 ಮೆಥನಾಲ್ ಇರುವ ಥಿನ್ನರ್‌ಗೆ ಯುಎನ್ 1993 ಹಾಕುವುದು ಚಾಳಿಯಾಗಿಬಿಟ್ಟಿದೆ. ಅದು ಬೇರೆ ಹೆಸರು ಸಿಗದಾಗಿನ ಎನ್‌ಒಎಸ್ (ನಾಟ್ ಅದರ್‌ವೈಸ್ ಸ್ಪೆಸಿಫೈಡ್) ನಮೂದು. ಪೇಂಟ್ ತೆಳುವಾಗಿಸುವ ಸಾಲ್ವೆಂಟ್‌ಗೆ ಪಟ್ಟಿಯಲ್ಲೇ ಹೆಸರಿದೆ: ಪೇಂಟ್ ರಿಲೇಟೆಡ್ ಮೆಟೀರಿಯಲ್, ಯುಎನ್ 1263, ಗ್ರೂಪ್ 2. ಹೆಚ್ಚು ನಿರ್ದಿಷ್ಟ ಹೆಸರಿದ್ದಾಗ ಸಾಮಾನ್ಯ ಹೆಸರಿಗೆ ಹೋಗುವಂತಿಲ್ಲ. ಶೇ 35ರದ್ದಕ್ಕೆ ಮಾತ್ರ 1263 ಸಾಲದು, ಅದರಲ್ಲಿ ವಿಷದ ಉಪಅಪಾಯಕ್ಕೆ ಜಾಗವಿಲ್ಲ. ಅದು ಯುಎನ್ 1992, ಫ್ಲೇಮಬಲ್ ಲಿಕ್ವಿಡ್, ಟಾಕ್ಸಿಕ್, ಎನ್‌ಒಎಸ್, ಗ್ರೂಪ್ 2.

ಒಂದೇ ಹೆಸರಿನ ವಸ್ತು ಪ್ರಧಾನವಾಗಿದ್ದು, ಉಳಿದದ್ದು ಅಪಾಯವಿಲ್ಲದ್ದಾದರೆ (ನೀರು ಬೆರೆಸಿದ ಐಸೊಪ್ರೊಪನಾಲ್ ಎನ್ನಿ) ಆ ವಸ್ತುವಿನ ನಂಬರನ್ನೇ ಇಟ್ಟುಕೊಂಡು ಹೆಸರಿಗೆ ಸಲ್ಯೂಷನ್ ಎಂದು ಸೇರಿಸಬಹುದು. ಕ್ಲಾಸ್, ಉಪಅಪಾಯ, ಗ್ರೂಪ್, ಭೌತಿಕ ಸ್ಥಿತಿ ಇವುಗಳಲ್ಲಿ ಯಾವುದಾದರೂ ಬದಲಾಯಿತೆಂದರೆ ಆ ಸೌಲಭ್ಯ ಹೋಯಿತು.

ಎರಡು ಅಪಾಯ ಒಟ್ಟಿಗೆ ಬಂದಾಗ

ನಮ್ಮ ಹತ್ತಿ ಹೊಲಗಳಲ್ಲಿ ಹೊಡೆಯುವ ಕ್ಲೋರ್‌ಪೈರಿಫಾಸ್ ಶೇ 50 ಜೊತೆ ಸೈಪರ್‌ಮೆಥ್ರಿನ್ ಶೇ 5 ಇಸಿ (ನೀರಿಗೆ ಬೆರೆಸಿ ಹೊಡೆಯುವ ಸಾಂದ್ರ ದ್ರವ) ಒಳ್ಳೆಯ ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಎಲ್‌ಡಿ50 ಮೌಲ್ಯಗಳು 135 ಮತ್ತು 250. 50ನ್ನು 135ರಿಂದ ಭಾಗಿಸಿದರೆ 0.370, 5ನ್ನು 250ರಿಂದ ಭಾಗಿಸಿದರೆ 0.020, ಮೊತ್ತ 0.390, ಮಿಶ್ರಣದ್ದು ಸುಮಾರು 256. ಅಂದರೆ 6.1, ಗ್ರೂಪ್ 3. ಸಾಲ್ವೆಂಟ್‌ನಿಂದಾಗಿ ಫ್ಲ್ಯಾಶ್ ಪಾಯಿಂಟ್ 45 ಬಂದಿದೆ ಎಂದುಕೊಳ್ಳಿ, ಕ್ಲಾಸ್ 3, ಗ್ರೂಪ್ 3 ಕೂಡ ಆಯಿತು. ಯಾವ ಅಪಾಯ ಮುಖ್ಯ ಎಂದು ಹೇಳುವ ಆದ್ಯತೆಯ ಕೋಷ್ಟಕದ ಪ್ರಕಾರ ಈ ಜೋಡಿಯಲ್ಲಿ ಸಾಮಾನ್ಯವಾಗಿ ಮುಖ್ಯ ಕ್ಲಾಸ್ 3, ಆದರೆ ಕೀಟನಾಶಕವಾದರೆ 6.1. ಕೋಷ್ಟಕದ ಆ ಅಡಿಟಿಪ್ಪಣಿ ಓದದವರು ಲಾರಿಗೆ ತಪ್ಪು ಲೇಬಲ್ ಅಂಟಿಸುತ್ತಾರೆ. ಇದರ ನಮೂದು ಯುಎನ್ 3017, ಆರ್ಗನೊಫಾಸ್ಫರಸ್ ಪೆಸ್ಟಿಸೈಡ್, ಲಿಕ್ವಿಡ್, ಟಾಕ್ಸಿಕ್, ಫ್ಲೇಮಬಲ್.

ಇಷ್ಟಕ್ಕೇ ಮುಗಿಯಲಿಲ್ಲ. ಜಲಚರಗಳಿಗೆ ಕ್ಲೋರ್‌ಪೈರಿಫಾಸ್ ಎಷ್ಟು ಘಾತಕವೆಂದರೆ ಅದರ ಎಂ ಫ್ಯಾಕ್ಟರ್ (ಜಲಚರಗಳಿಗಿರುವ ಘಾತಕತೆಗೆ ತಕ್ಕ ಗುಣಕ) 10,000. ಶೇಕಡಾವನ್ನು ಅದರಿಂದ ಗುಣಿಸಿದಾಗ 25 ಮುಟ್ಟಿದರೆ ಪರಿಸರ ಅಪಾಯಕಾರಿ ಎಂದೇ ಲೆಕ್ಕ. ಶೇ 0.0025 ಇದ್ದರೂ ಸಾಕಾಯಿತು. ಆದ್ದರಿಂದ ಸತ್ತ ಮೀನು, ಮರದ ಗುರುತೂ ಬೇಕು. ಇದೇ ಕ್ಲೋರ್‌ಪೈರಿಫಾಸ್ ಶೇ 20ರದ್ದು ಒಂದೇ ಇದ್ದರೆ ನುಂಗುವ ಲೆಕ್ಕದಲ್ಲಿ 675 ಬಂದು 6.1ರಿಂದ ಹೊರಗುಳಿಯುತ್ತದೆ. ಉಳಿದ ಮಾರ್ಗಗಳಲ್ಲೂ ವಿಷ ಕಾಣದೆ, ಫ್ಲ್ಯಾಶ್ 60ರ ಮೇಲಿದ್ದರೆ ಅದು ಕ್ಲಾಸ್ 9 (ಇತರ ಅಪಾಯಕಾರಿ ವಸ್ತುಗಳು), ಯುಎನ್ 3082. ಅಪಾಯವಿಲ್ಲದ ಸರಕು ಎಂದು ಕಳಿಸುವಂತಿಲ್ಲ.

ನೆನಪಿಡಬೇಕಾದ ಇನ್ನೆರಡು ಜೋಡಿ: ಕ್ಲಾಸ್ 3 ಗ್ರೂಪ್ 2 ಮತ್ತು ಕ್ಲಾಸ್ 8 (ಚರ್ಮ ಸುಡುವ, ಲೋಹ ತಿನ್ನುವ ವಸ್ತುಗಳು) ಗ್ರೂಪ್ 2ರ ದ್ರವಕ್ಕೆ ಮುಖ್ಯ ಕ್ಲಾಸ್ 3, ಕ್ಲಾಸ್ 3 ಗ್ರೂಪ್ 3 ಮತ್ತು ಕ್ಲಾಸ್ 8 ಗ್ರೂಪ್ 2 ಆದರೆ ಮುಖ್ಯ 8. ಎರಡರಲ್ಲಿ ಕಠಿಣವಾದ ಗ್ರೂಪೇ ಉಳಿಯುತ್ತದೆ. ಸ್ಫೋಟಕ, ಅನಿಲ, ಆರ್ಗ್ಯಾನಿಕ್ ಪೆರಾಕ್ಸೈಡ್‌ಗಳು ಈ ಕೋಷ್ಟಕಕ್ಕೆ ಬರುವುದೇ ಇಲ್ಲ, ಅವು ಯಾವಾಗಲೂ ಮೇಲು.

ಆ್ಯಸಿಡ್, ಕ್ಷಾರದ ಕ್ಲೀನರ್‌ಗಳು

ಹೈಡ್ರೊಕ್ಲೋರಿಕ್ ಮತ್ತು ಫಾಸ್ಫೊರಿಕ್ ಆ್ಯಸಿಡ್ ಬೆರೆಸಿದ ತುಕ್ಕು ತೆಗೆಯುವ ದ್ರವ ಚರ್ಮವನ್ನು ಸುಡುತ್ತದೆಯೇ ಎಂಬುದನ್ನು ಘಟಕಗಳ ಶೇಕಡಾ ಕೂಡಿಸಿ ಲೆಕ್ಕ ಹಾಕಬಹುದು. ಲೋಹದ ಪ್ರಶ್ನೆಯನ್ನು ಲೆಕ್ಕ ಉತ್ತರಿಸುವುದಿಲ್ಲ. ಚರ್ಮಕ್ಕೆ ತೊಂದರೆ ಕೊಡದಷ್ಟು ತೆಳುವಾದ ಕ್ಲೀನರ್ ಕೂಡ 55 ಡಿಗ್ರಿಯಲ್ಲಿ ಉಕ್ಕು ಅಥವಾ ಅಲ್ಯೂಮಿನಿಯಮ್ಮನ್ನು ವರ್ಷಕ್ಕೆ 6.25 ಮಿಮೀಗಿಂತ ಹೆಚ್ಚು ತಿಂದರೆ ಕ್ಲಾಸ್ 8, ಗ್ರೂಪ್ 3. ಎರಡೂ ಲೋಹಗಳ ಮೇಲೆ ಪರೀಕ್ಷೆ ಮಾಡಿಸಿ. ಉಕ್ಕನ್ನು ಬಿಟ್ಟ ಕ್ಷಾರ ಅಲ್ಯೂಮಿನಿಯಮ್ಮನ್ನು ಬಿಡದು. ಮೇಲ್ಮೈ ಸಮವಾಗಿ ಸವೆಯದೆ ಗುಳಿ ಬಿದ್ದಿದ್ದರೆ ಗುಳಿಯ ಆಳವನ್ನೂ ವರದಿಯಲ್ಲಿ ಕೇಳಿ.

ದಾಖಲೆಯಲ್ಲಿ

ಕ್ರಮ ಹೀಗೆ: ಯುಎನ್ ನಂಬರ್, ಸಾಗಣೆಯ ಹೆಸರು, ಕ್ಲಾಸ್, ಕಂಸದಲ್ಲಿ ಉಪಅಪಾಯ, ರೋಮನ್ ಅಂಕಿಯಲ್ಲಿ ಪ್ಯಾಕಿಂಗ್ ಗ್ರೂಪ್. ಎನ್‌ಒಎಸ್ ಹೆಸರಾದರೆ ಅಪಾಯಕ್ಕೆ ಕಾರಣವಾದ ಘಟಕಗಳ ಹೆಸರು ಕಂಸದಲ್ಲಿ, ಎರಡಕ್ಕಿಂತ ಹೆಚ್ಚು ಬೇಕಿಲ್ಲ. ಉಪಅಪಾಯ ತಂದ ಘಟಕ ಆ ಎರಡರಲ್ಲಿ ಇರಲೇಬೇಕು. ಶೇ 35ರ ಥಿನ್ನರ್‌ಗೆ ಟೊಲ್ಯೂಯಿನ್, ಮೆಥನಾಲ್ ಎಂದು ಬರೆಯುತ್ತೀರಿ. ಬ್ಯೂಟೈಲ್ ಅಸಿಟೇಟ್ ಎಷ್ಟೇ ಇದ್ದರೂ ಮೆಥನಾಲ್ ಬಿಡುವಂತಿಲ್ಲ. ಹಡಗಿನ ದಾಖಲೆಗೆ ಫ್ಲ್ಯಾಶ್ ಪಾಯಿಂಟೂ ಸೇರಬೇಕು. ಲಾರಿಯ ಎಮರ್ಜೆನ್ಸಿ ಇನ್ಫರ್ಮೇಷನ್ ಪ್ಯಾನೆಲ್, ಚಾಲಕರ ಕೈಯ ಟ್ರೆಮ್ ಕಾರ್ಡ್ (ಅವಘಡವಾದರೆ ಏನು ಮಾಡಬೇಕೆಂಬ ಸೂಚನೆಯ ಕಾರ್ಡು), ಇನ್‌ವಾಯ್ಸ್ ಮೂರರಲ್ಲೂ ಒಂದೇ ನಂಬರ್ ಇದೆಯೇ ಎಂದು ಲೋಡಿಂಗ್ ಮುಗಿಯುವ ಮುನ್ನ ನೋಡಿ. ಹಿಂದಿನ ಟ್ರಿಪ್‌ನ ಪ್ಯಾನೆಲ್ ಹಾಗೇ ಉಳಿದಿರುವುದು ಮಾಮೂಲಿ.