ಚೀನೀ ಸಾಂಪ್ರದಾಯಿಕ ಚಿಕಿತ್ಸೆಯನ್ನು ಯಾದೃಚ್ಛಿಕ ಪ್ರಯೋಗಕ್ಕೆ ಒಡ್ಡುವ ಬಗೆ

‘ನಮ್ಮಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಮದ್ದು, ಹಾಗಾಗಿ ಪ್ರಯೋಗ ನಡೆಸಲು ಬಾರದು’ ಎಂಬ ಆಕ್ಷೇಪ ಚೀನೀ ವೈದ್ಯಪದ್ಧತಿಯ ಪರವಾಗಿ ಆಗಾಗ ಕೇಳಿಬರುತ್ತದೆ. ಅದರ ಮೊದಲ ಭಾಗ ನಿಜ, ಎರಡನೆಯದು ನಿಜವಲ್ಲ. ಆದರೂ ಯಾದೃಚ್ಛಿಕ ಪ್ರಯೋಗದ, ಅಂದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವ ಪರೀಕ್ಷೆಯ, ವಿನ್ಯಾಸವನ್ನು ಈ ಆಕ್ಷೇಪದಿಂದಲೇ ಆರಂಭಿಸುವುದು ಲೇಸು.

ನೀವು ಪರೀಕ್ಷಿಸುತ್ತಿರುವುದು ನಿಗದಿತ ಸೂತ್ರದ ಒಂದು ಔಷಧಿಯನ್ನೋ, ಅಥವಾ ನಾಡಿ ಹಿಡಿದು, ನಾಲಿಗೆ ನೋಡಿ, ‘ಝೆಂಗ್’ ಎಂಬ ಲಕ್ಷಣಸಮೂಹವನ್ನು ಗುರುತಿಸಿ ಮದ್ದು ಹೊಂದಿಸುವ ಇಡೀ ಕ್ರಮವನ್ನೋ ಎಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಪರೀಕ್ಷಿಸಲು ಸಾಧ್ಯವೆಂಬುದನ್ನು 1998ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿತು. ಕರುಳು ಕೆರಳುವ ತೊಂದರೆಯಿದ್ದ 116 ಮಂದಿಯಲ್ಲಿ ಒಂದು ಗುಂಪಿಗೆ ಸಿದ್ಧ ಸೂತ್ರ, ಇನ್ನೊಂದಕ್ಕೆ ವೈಯಕ್ತಿಕವಾಗಿ ಹೊಂದಿಸಿದ ಮದ್ದು, ಮೂರನೆಯದಕ್ಕೆ ಹುಸಿಮದ್ದು (ಮದ್ದಿನಂತೆಯೇ ಕಾಣುವ, ಔಷಧಾಂಶವಿಲ್ಲದ್ದು) ಸಿಕ್ಕಿತು. ಎಲ್ಲವೂ ಕ್ಯಾಪ್ಸೂಲ್ ರೂಪದಲ್ಲಿದ್ದುದರಿಂದ ಯಾರಿಗೆ ಏನು ಸಿಕ್ಕಿತೆಂದು ರೋಗಿಗೂ ವೈದ್ಯರಿಗೂ ತಿಳಿಯಲಿಲ್ಲ. 16 ವಾರಗಳ ಕೊನೆಗೆ ಎರಡೂ ಮದ್ದುಗಳು ಹುಸಿಮದ್ದಿಗಿಂತ ಮೇಲೆನಿಸಿದವು, ಆದರೆ ಚಿಕಿತ್ಸೆ ನಿಂತು 14 ವಾರಗಳಾದ ಮೇಲೂ ಸುಧಾರಣೆ ಉಳಿದದ್ದು ವೈಯಕ್ತಿಕ ಮದ್ದಿನ ಗುಂಪಿನಲ್ಲಿ ಮಾತ್ರ. ಇಂಥ ವಿನ್ಯಾಸಕ್ಕೆ ಕೈಹಾಕುವ ಮುನ್ನ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಅದೇ ರೋಗಿಗಳನ್ನು ನೋಡಲಿ. ಅವರ ಝೆಂಗ್ ನಿರ್ಣಯಗಳು ತಾಳೆಯಾಗದಿದ್ದರೆ ಅದರ ಆಧಾರದ ಮೇಲೆ ಯಾರನ್ನೂ ಸೇರಿಸಿಕೊಳ್ಳಬೇಡಿ.

ಮೂಲಿಕೆಯ ಗುರುತಿನಲ್ಲಿ ಉದಾಸೀನ ಸಲ್ಲದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಸ್ಟೆಫಾನಿಯಾ ಎಂಬ ಮೂಲಿಕೆ ಸೇರಬೇಕಾದಲ್ಲಿ ಅರಿಸ್ಟೊಲೋಕಿಯಾ ಎಂಬ ವಿಷಕಾರಿ ಮೂಲಿಕೆ ಸೇರಿತು. ಚೀನೀ ಭಾಷೆಯಲ್ಲಿ ಎರಡರ ಹೆಸರಿನಲ್ಲೂ ‘ಫಾಂಗ್‌ಜಿ’ ಇದ್ದುದೇ ಗೊಂದಲಕ್ಕೆ ದಾರಿಯಾಯಿತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಹಾಳಾದವು. ಆದ್ದರಿಂದ ಸಸ್ಯದ ವೈಜ್ಞಾನಿಕ ಹೆಸರು, ಬಳಸಿದ ಭಾಗ, ಕುದಿಸಿದ ಅವಧಿ ಮತ್ತು ತಯಾರಿಕೆಯ ಬ್ಯಾಚ್ ಸಂಖ್ಯೆಯನ್ನು ದಾಖಲಿಸಿ, ಕ್ರೊಮ್ಯಾಟೊಗ್ರಫಿಯಿಂದ (ಘಟಕಗಳನ್ನು ಬೇರ್ಪಡಿಸಿ ನೋಡುವ ವಿಧಾನ) ಅದರ ರಾಸಾಯನಿಕ ಬೆರಳಚ್ಚು ಪಡೆದು, ಪ್ರತಿ ಬ್ಯಾಚ್‌ನ ಮಾದರಿಯನ್ನು ತೆಗೆದಿರಿಸಿ. ಭಾರಲೋಹಗಳ ಪರೀಕ್ಷೆಯೂ ಆಗಲಿ.

ಹೆಚ್ಚು ತಲೆನೋವು ಕೊಡುವುದು ಹುಸಿಚಿಕಿತ್ಸೆ. ಕಷಾಯದ ಕಹಿ ಮತ್ತು ವಾಸನೆಯನ್ನು ಪಿಷ್ಟ, ಬಣ್ಣ, ಕಹಿಕಾರಕಗಳಿಂದ ಅನುಕರಿಸುವುದು ಸುಲಭವಲ್ಲ. ಮೂಲ ಕಷಾಯವನ್ನೇ ಬಹಳ ತೆಳುವಾಗಿ ಬೆರೆಸುವ ರೂಢಿಯೂ ಇದೆ. ಆದರೆ ಅದರಲ್ಲಿ ಔಷಧಾಂಶ ಉಳಿಯುವುದರಿಂದ ನನಗೆ ಅದು ಕೊನೆಯ ಆಯ್ಕೆ. ಏನೇ ತಯಾರಿಸಿದರೂ, ಪ್ರಯೋಗಕ್ಕೆ ಮುನ್ನ ಆರೋಗ್ಯವಂತರಿಗೆ ಎರಡನ್ನೂ ಕುಡಿಸಿ, ಅಸಲು ಯಾವುದೆಂದು ಊಹಿಸಲು ಹೇಳಿ. ಅಕ್ಯುಪಂಕ್ಚರ್‌ಗೆ 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಉಪಾಯ ಹೂಡಿದರು: ಮೊಂಡು ತುದಿಯ ಸೂಜಿ ಚರ್ಮಕ್ಕೆ ತಾಗಿದೊಡನೆ, ನಾಟಕದ ಚೂರಿಯಂತೆ, ತನ್ನ ಹಿಡಿಯೊಳಗೇ ಸರಿಯುತ್ತದೆ, ರೋಗಿಗೆ ಚುಚ್ಚಿದಂತೆಯೇ ಅನಿಸುತ್ತದೆ. ಚುಚ್ಚುವವರಿಗಂತೂ ಗೊತ್ತಾಗಿಬಿಡುತ್ತದೆ, ಆದ್ದರಿಂದ ಫಲಿತಾಂಶ ಅಳೆಯುವವರು ಬೇರೆಯವರೇ ಆಗಿರಬೇಕು.

ಸಾಧ್ಯವಿದ್ದಲ್ಲಿ ಮೂರು ಗುಂಪುಗಳನ್ನಿಡಿ. 2007ರಲ್ಲಿ ಪ್ರಕಟವಾದ ಜರ್ಮನ್ ಪ್ರಯೋಗದಲ್ಲಿ ದೀರ್ಘಕಾಲದ ಬೆನ್ನುನೋವಿನ 1162 ರೋಗಿಗಳಿದ್ದರು. ಆರು ತಿಂಗಳಲ್ಲಿ ಅಸಲು ಅಕ್ಯುಪಂಕ್ಚರ್‌ಗೆ ಸ್ಪಂದಿಸಿದವರು 47.6%, ಚೀನೀ ಪದ್ಧತಿ ಗೊತ್ತುಮಾಡಿದ ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2%, ಸಾಮಾನ್ಯ ಚಿಕಿತ್ಸೆಯವರಲ್ಲಿ 27.4%. ನಡುವಿನ ಗುಂಪು ಇಲ್ಲದಿದ್ದರೆ ಬಿಂದುಗಳ ಸಿದ್ಧಾಂತವೇ ಗೆದ್ದಿತೆಂದು ಬರೆದುಬಿಡುತ್ತಿದ್ದರು.

ಹಂಚಿಕೆಯನ್ನು ಕಂಪ್ಯೂಟರ್ ನಿರ್ಧರಿಸಲಿ, ಪಟ್ಟಿ ಚಿಕಿತ್ಸಾಲಯದಿಂದ ದೂರವಿರಲಿ. ಬಂದ ಕ್ರಮದಲ್ಲಿ ಆಚೆಗೊಬ್ಬ ಈಚೆಗೊಬ್ಬನೆಂದು ಕೂರಿಸುವುದು ಯಾದೃಚ್ಛಿಕವಲ್ಲ. ಚೀನೀ ನಿಯತಕಾಲಿಕೆಗಳಲ್ಲಿ ಯಾದೃಚ್ಛಿಕವೆಂದು ಪ್ರಕಟವಾದ 2235 ಅಧ್ಯಯನಗಳ ಲೇಖಕರನ್ನು ದೂರವಾಣಿಯಲ್ಲಿ ವಿಚಾರಿಸಿದ, 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಸರಿಯಾದ ವಿಧಾನ ಅನುಸರಿಸಿದ್ದವು 207 ಮಾತ್ರ.

ಮೊದಲ ರೋಗಿ ಸೇರುವ ಮುನ್ನವೇ ಪ್ರಯೋಗವನ್ನು ನೋಂದಾಯಿಸಿ, ಮುಖ್ಯ ಫಲಿತಾಂಶವನ್ನು ಘೋಷಿಸಿ. ಚೀನೀ ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ‘ಒಟ್ಟು ಪರಿಣಾಮಕಾರಿ ದರ’ವನ್ನು ಕೈಬಿಡಿ, ಗುಣವಾದವರನ್ನೂ ತುಸು ಚೇತರಿಸಿದವರನ್ನೂ ಒಂದೇ ಬುಟ್ಟಿಗೆ ಹಾಕುವ ಅಳತೆ ಅದು. ಅದರ ಬದಲು ಸ್ಪಷ್ಟ ಫಲಿತಾಂಶವನ್ನು ಎಣಿಸುವುದಕ್ಕೆ ಟಾಂಗ್‌ಶಿನ್‌ಲುವೊ ಎಂಬ ಮದ್ದಿನ ಪ್ರಯೋಗ ಒಳ್ಳೆಯ ಮಾದರಿ. 2023ರಲ್ಲಿ ಪ್ರಕಟವಾದ ಆ ಪ್ರಯೋಗ ಚೀನಾದ 124 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3777 ಮಂದಿಯಲ್ಲಿ ಹೃದಯದ ಕಾರಣದ ಸಾವು, ಮರು ಆಘಾತ, ಪಾರ್ಶ್ವವಾಯು ಮುಂತಾದವನ್ನೇ ಎಣಿಸಿತು. 30 ದಿನಗಳಲ್ಲಿ ಅವು ಮದ್ದಿನ ಗುಂಪಿನಲ್ಲಿ 3.4%, ಹುಸಿಮದ್ದಿನಲ್ಲಿ 5.2% ಇದ್ದವು.

ಕೊನೆಯ ಭೇಟಿಯಲ್ಲಿ, ಫಲಿತಾಂಶ ತೆರೆಯುವ ಮೊದಲು, ನಿಮಗೆ ಸಿಕ್ಕಿದ್ದು ಯಾವುದೆಂದು ಭಾವಿಸುತ್ತೀರಿ ಎಂದು ಪ್ರತಿ ರೋಗಿಯನ್ನೂ ಕೇಳಿ, ಉತ್ತರವನ್ನು ವರದಿಯಲ್ಲಿ ಸೇರಿಸಿ. ಬಹುಪಾಲು ಜನ ಸರಿಯಾಗಿ ಊಹಿಸಿದ್ದರೆ, ಯಾರಿಗೆ ಏನು ಸಿಕ್ಕಿತೆಂಬುದು ಮರೆಯಾಗಿ ಉಳಿದಿರಲಿಲ್ಲವೆಂದು ಓದುಗರಿಗೆ ನೇರವಾಗಿ ತಿಳಿಸಿ.