ಮೋಟರ್ ಆನ್ ಮಾಡಿದ್ದು ಯಾರು? ಹೋಮ್ ಅಸಿಸ್ಟೆಂಟ್‌ನಲ್ಲಿ ಜಾಡು ಹಿಡಿಯುವ ಬಗೆ

“ಅದು ತಾನಾಗೇ ಆನ್ ಆಯ್ತು ಕಣೋ” ಅಂತ ಮನೆಯವರು ಹೇಳಿದ ಕೂಡಲೇ ಆಟೋಮೇಶನ್ (‘ಹೀಗಾದರೆ ಹೀಗೆ ಮಾಡು’ ಅನ್ನೋ ನಿಯಮ) ತಿದ್ದೋಕೆ ಕೂರಬೇಡಿ. ಯಾರು ಆನ್ ಮಾಡಿದರು ಅನ್ನೋದನ್ನ, ಮನೆಯ ಸ್ಮಾರ್ಟ್ ಸಾಧನಗಳನ್ನ ನಡೆಸೋ ಸಾಫ್ಟ್‌ವೇರ್ ಆದ ಹೋಮ್ ಅಸಿಸ್ಟೆಂಟ್ ಸಾಮಾನ್ಯವಾಗಿ ಬರೆದಿಟ್ಟುಕೊಂಡಿರುತ್ತದೆ. ಮೊದಲು ಅದನ್ನ ಓದಿ, ಆಮೇಲೆ ರಿಪೇರಿ. ಮೈಸೂರಿನ ನಮ್ಮ ಮನೆಯ ಸಂಪ್ ಮೋಟರನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳ್ತೀನಿ. ಸಂಪಿನಲ್ಲಿ ನೀರು ತಳ ಕಂಡಿತ್ತು ಅಂತ ಅಮ್ಮ ರಾತ್ರಿ ಮೋಟರ್ ನಿಲ್ಲಿಸಿ ಮಲಗಿದ್ದರು. ಬೆಳಗಿನ ಜಾವ ಅದು ಮತ್ತೆ ಓಡ್ತಾ ಇತ್ತು, ನೀರಿಲ್ಲದೆ.

ಡ್ಯಾಶ್‌ಬೋರ್ಡಿನಲ್ಲಿ ಮೋಟರಿನ ಹೆಸರು ಒತ್ತಿ. ಮೇಲೆ ಗ್ರಾಫ್, ಕೆಳಗೆ ಲಾಗ್‌ಬುಕ್. ಹೊಸ ಆವೃತ್ತಿಗಳಲ್ಲಿ ಇದರ ಹೆಸರು ಆಕ್ಟಿವಿಟಿ. ಆನ್ ಆದ ಹೊತ್ತಿನ ಸಾಲಿನ ಪಕ್ಕ ಒಬ್ಬರ ಹೆಸರು ಇರಬಹುದು, ಆಟೋಮೇಶನ್ ಹೆಸರು ಇರಬಹುದು, ಏನೂ ಇಲ್ಲದಿರಬಹುದು. ನೀವು ಬದಲಾಯಿಸಿಲ್ಲದಿದ್ದರೆ ಈ ದಾಖಲೆ 10 ದಿನ ಇರುತ್ತದೆ, ಹಾಗಾಗಿ ‘ಭಾನುವಾರ ನೋಡಿದರಾಯ್ತು’ ಅಂತ ತುಂಬಾ ಮುಂದೂಡಬೇಡಿ.

ಒಬ್ಬರ ಹೆಸರು ಬಂದರೆ ಆ ಲಾಗಿನ್‌ನಿಂದ ಯಾರೋ ಒತ್ತಿದ್ದಾರೆ. ಮನೆಮಂದಿಯೆಲ್ಲ ಒಂದೇ ಲಾಗಿನ್ ಬಳಸುತ್ತಿದ್ದರೆ ಇದರಿಂದ ಏನೂ ತಿಳಿಯುವುದಿಲ್ಲ. ಅಮ್ಮನಿಗೊಂದು, ತಂಗಿಗೊಂದು ಬೇರೆ ಯೂಸರ್ ಮಾಡಿಕೊಡಿ, ಐದು ನಿಮಿಷದ ಕೆಲಸ.

ಏನೂ ಇಲ್ಲದಿದ್ದರೆ ಕಾರಣ ಹೋಮ್ ಅಸಿಸ್ಟೆಂಟ್‌ನ ಹೊರಗಿದೆ ಎಂದೇ ಹುಡುಕಾಟ ಶುರು ಮಾಡಿ. ಗೋಡೆಯ ಸ್ವಿಚ್ ಒತ್ತಿರಬಹುದು, ಸಾಧನದ ಸ್ವಂತ ಆ್ಯಪ್‌ನಲ್ಲಿ ಹಳೆಯ ಟೈಮರ್ ಉಳಿದಿರಬಹುದು. ಗ್ರಾಫ್‌ನಲ್ಲಿ ಆನ್ ಆಗುವುದಕ್ಕೆ ಸ್ವಲ್ಪ ಮುಂಚೆ ‘ಅನ್‌ಅವೈಲಬಲ್’ (ಸಾಧನ ಸಂಪರ್ಕದಲ್ಲಿಲ್ಲ) ಅಂತ ಕಂಡರೆ ಕರೆಂಟ್ ಹೋಗಿ ಬಂದಿರುವ ಸಾಧ್ಯತೆ ಹೆಚ್ಚು. ಕರೆಂಟ್ ಬಂದಾಕ್ಷಣ ತಾನೇ ಹೊತ್ತಿಕೊಳ್ಳುವ ಬಲ್ಬುಗಳು ಬೇಕಾದಷ್ಟಿವೆ. ಜಿಗ್‌ಬೀ (ವೈಫೈ ಥರದ ಇನ್ನೊಂದು ವೈರ್‌ಲೆಸ್ ವಿಧಾನ) ಬಲ್ಬಾದರೆ ಅದರ ಪವರ್ ಆನ್ ಬಿಹೇವಿಯರ್ ಅನ್ನು ‘ಆಫ್’ ಅಥವಾ ‘ಪ್ರೀವಿಯಸ್’ ಮಾಡಿ.

ನಮ್ಮಲ್ಲಿ ಬಂದದ್ದು ಆಟೋಮೇಶನ್ ಹೆಸರು, ‘ಟ್ಯಾಂಕ್ ತುಂಬಿಸು’. ಇಲ್ಲಿಂದ ಸೆಟ್ಟಿಂಗ್ಸ್‌ಗೆ ಹೋಗಿ ಆ ಆಟೋಮೇಶನ್ ತೆರೆದು, ಮೇಲಿರುವ ಟ್ರೇಸಸ್ ಒತ್ತಿ, ಆ ಹೊತ್ತಿನ ಟ್ರೇಸ್ ಆರಿಸಿ. ಅದು ಓಡಿದ ದಾರಿ ಚಿತ್ರವಾಗಿ ಬರುತ್ತದೆ. ಮೇಲ್ತುದಿಯ ಟ್ರಿಗರ್ (ಆಟೋಮೇಶನ್ ಶುರು ಮಾಡಿಸಿದ ಘಟನೆ) ವೃತ್ತ ಒತ್ತಿ, ಚೇಂಜ್ಡ್ ವೇರಿಯಬಲ್ಸ್ ನೋಡಿ. ಅಸಲಿ ಉತ್ತರ ಇರೋದು ಇಲ್ಲೇ. ನಮ್ಮದರಲ್ಲಿ ಟ್ಯಾಂಕಿನ ಫ್ಲೋಟ್ ಸೆನ್ಸರ್ (ನೀರಿನ ಮಟ್ಟ ತಿಳಿಸುವ ಸಾಧನ, ಟ್ಯಾಂಕ್ ಖಾಲಿಯಾದರೆ ‘ಆನ್’) ಹೆಸರಿನ ಕೆಳಗೆ ಫ್ರಮ್ ಸ್ಟೇಟ್ ‘ಅನ್‌ಅವೈಲಬಲ್’, ಟು ಸ್ಟೇಟ್ ‘ಆನ್’ ಅಂತಿತ್ತು.

ಅಂದರೆ ನಡೆದದ್ದು ಇಷ್ಟು. ಹೋಮ್ ಅಸಿಸ್ಟೆಂಟ್ ಓಡುವ ಪುಟ್ಟ ಕಂಪ್ಯೂಟರ್ ರಾಸ್‌ಬೆರಿ ಪೈ ಮತ್ತು ರೂಟರ್ ಇನ್ವರ್ಟರ್ ಲೈನಿನಲ್ಲಿವೆ, ಫ್ಲೋಟ್ ಸೆನ್ಸರ್ ಆ ಲೈನಿನಲ್ಲಿಲ್ಲ. ಕರೆಂಟ್ ಹೋದಾಗ ಸೆನ್ಸರ್ ಮಾತ್ರ ಕಾಣೆಯಾಯಿತು. ಬಂದಾಗ ‘ಟ್ಯಾಂಕ್ ಖಾಲಿ’ ಅನ್ನೋ ಹಳೆಯ ಸ್ಥಿತಿಯನ್ನೇ ಹೊಸದಾಗಿ ಹೇಳಿತು. ಟ್ರಿಗರ್‌ನಲ್ಲಿ ‘ಆನ್ ಆದಾಗ’ ಅಂತಷ್ಟೇ ಇದ್ದದ್ದರಿಂದ ಆಟೋಮೇಶನ್ ಅದನ್ನ ಬದಲಾವಣೆ ಅಂತಲೇ ತಗೊಂಡಿತು.

ಒಂದು ಎಚ್ಚರಿಕೆ: ಪ್ರತಿ ಆಟೋಮೇಶನ್‌ಗೆ ಕೊನೆಯ 5 ಟ್ರೇಸ್ ಮಾತ್ರ ಉಳಿಯುತ್ತವೆ. ದಿನಕ್ಕೆ ಹತ್ತಾರು ಸಲ ಓಡುವ ಮೋಶನ್ ಲೈಟಿನಂಥದಕ್ಕೆ ಯಾಮಲ್‌ನಲ್ಲಿ (ಆಟೋಮೇಶನ್ನಿನ ಪಠ್ಯ ರೂಪ) ಸ್ಟೋರ್ಡ್ ಟ್ರೇಸಸ್ ಅನ್ನು 20ಕ್ಕೆ ಏರಿಸಿ. ಕೈಯಲ್ಲಿ ಬರೆದ ಯಾಮಲ್ ಆಟೋಮೇಶನ್‌ಗೆ ಐಡಿ ಕೊಡದಿದ್ದರೆ ಟ್ರೇಸ್ ಉಳಿಯುವುದೇ ಇಲ್ಲ.

ಸರಿಪಡಿಸಲು ಟ್ರಿಗರ್‌ನ ಫ್ರಮ್ ಜಾಗದಲ್ಲಿ ‘ಆಫ್’ ಅಂತ ತುಂಬಿದೆ. ಇದರಿಂದ ಒಂದು ನಷ್ಟವಿದೆ: ಕರೆಂಟ್ ಇಲ್ಲದಾಗಲೇ ಟ್ಯಾಂಕ್ ಖಾಲಿಯಾದರೆ ಮೋಟರ್ ಓಡುವುದಿಲ್ಲ. ಅದಕ್ಕೆ ಬೆಳಿಗ್ಗೆ 6ಕ್ಕೆ ಸೆನ್ಸರ್ ನೋಡುವ ಇನ್ನೊಂದು ಟ್ರಿಗರ್ ಸೇರಿಸಿದೆ. ಸಂಪಿಗೂ ಒಂದು ಫ್ಲೋಟ್ ಹಾಕಿಸಿ, ಅಲ್ಲಿ ನೀರಿದ್ದರೆ ಮಾತ್ರ ಮುಂದುವರಿ ಅನ್ನೋ ಕಂಡೀಶನ್ ಇಟ್ಟೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಡ್ರೈ ರನ್ ಆದರೆ ಮೋಟರಿನ ಸೀಲೇ ಸುಟ್ಟುಹೋಗುತ್ತದೆ.

ಪರೀಕ್ಷಿಸಲು ಕರೆಂಟ್ ಹೋಗೋವರೆಗೆ ಕಾಯಬೇಕಿಲ್ಲ. ಮೋಟರ್ ನಿಜವಾಗಿ ಓಡದಂತೆ ಅದರ ಎಂಸಿಬಿ (ಕರೆಂಟ್ ಕಡಿಯುವ ಬ್ರೇಕರ್ ಸ್ವಿಚ್) ಇಳಿಸಿ. ಡೆವಲಪರ್ ಟೂಲ್ಸ್‌ನ ಸ್ಟೇಟ್ಸ್ ಪುಟದಲ್ಲಿ ಫ್ಲೋಟ್ ಸೆನ್ಸರನ್ನು ಕೈಯಾರೆ ‘ಅನ್‌ಅವೈಲಬಲ್’ ಮಾಡಿ, ಮತ್ತೆ ‘ಆನ್’ ಮಾಡಿ. ಹೊಸ ಟ್ರೇಸ್ ಬರಲಿಲ್ಲ ಅಂದರೆ ತಿದ್ದಿದ್ದು ಸರಿಯಾಗಿದೆ, ಎಂಸಿಬಿ ಎತ್ತಬಹುದು.