ಕನ್ನಡಕ ಕಳಚುವ ಮುನ್ನ ಕಾರ್ನಿಯಾದ ಲೆಕ್ಕ

ಕನ್ನಡಕ ಬಿಡಿಸಲು ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು, ಲೇಸರ್‌ನಿಂದ ತಿದ್ದುವ ಚಿಕಿತ್ಸೆಯಿದೆ. ಅದರ ಯಂತ್ರದ ಕೆಳಗೆ ಮಲಗಿ ಏಳಲು ಎರಡೂ ಕಣ್ಣಿಗೆ ಸೇರಿ ಹದಿನೈದು–ಇಪ್ಪತ್ತು ನಿಮಿಷ ಸಾಕು. ಅದಕ್ಕೆ ಮೊದಲಿನ ತಪಾಸಣೆಗೆ ಎರಡು–ಮೂರು ಗಂಟೆ ಬೇಕು. ಆಸ್ಪತ್ರೆ ಹುಡುಕುವವರು ಯಂತ್ರದ ಹೆಸರು ಕೇಳುತ್ತಾರೆ, ರಿಯಾಯಿತಿ ಕೇಳುತ್ತಾರೆ, ತಪಾಸಣೆಯ ಬಗ್ಗೆ ಮಾತ್ರ ಕೇಳುವುದಿಲ್ಲ. ಆದರೆ ಮುಂದೆ ದೊಡ್ಡ ತೊಂದರೆ ಕೊಡುವ ಸಂಗತಿಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುವುದು ತಪಾಸಣೆಯಲ್ಲೇ. ಆ ವರದಿಯನ್ನು ನೀವೇ ಓದಿ, ಒಂದು ಸಣ್ಣ ಕೂಡು-ಕಳೆ ಲೆಕ್ಕ ಹಾಕಬಹುದು.

ಮೊದಲು ಪವರ್ ನಿಂತಿದೆಯೇ ನೋಡಿ

ವಯಸ್ಸು 18 ದಾಟಿರಬೇಕು. ಕಳೆದ ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. 19ನೇ ವಯಸ್ಸಿನಲ್ಲಿ ಮೈನಸ್ 3, ಇಪ್ಪತ್ತಕ್ಕೆ ಮೈನಸ್ 3.75 ಆಗಿದ್ದರೆ ಕಣ್ಣುಗುಡ್ಡೆ ಇನ್ನೂ ಉದ್ದವಾಗುತ್ತಿದೆ ಎಂದರ್ಥ. ಈಗ ಲೇಸರ್ ಮಾಡಿಸಿದರೆ ಎರಡು ವರ್ಷದಲ್ಲಿ ಮತ್ತೆ ಕನ್ನಡಕ ಬರಬಹುದು. ಹಾಗಾಗಿ ಹಳೆಯ ಕನ್ನಡಕದ ಚೀಟಿಗಳನ್ನು ಹುಡುಕಿ ಜೊತೆಗೆ ಒಯ್ಯಿರಿ.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಚೀಟಿಯೊಂದನ್ನೇ ನಂಬಬೇಡಿ. ಹರೆಯದವರ ಕಣ್ಣು ಯಂತ್ರದೊಳಗಿನ ಚಿತ್ರ ನೋಡುವಾಗ ತಾನಾಗಿ ಬಿಗಿಯುತ್ತದೆ, ಇಲ್ಲದ ಮೈನಸ್ ತೋರಿಸುತ್ತದೆ. ಹನಿ ಹಾಕಿ ಕಣ್ಣನ್ನು ಸಡಿಲಿಸಿ ನೋಡಿದ ಪವರ್ ನಿಜವಾದದ್ದು. ಮೊದಲ ಹಂತದ ದೃಷ್ಟಿ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಬಳಿ ಹೋಗಬಹುದು. ಬೆಂಗಳೂರಿನವರಿಗೆ 1896ರಿಂದ ನಡೆಯುತ್ತಿರುವ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಿದೆ. ಲೇಸರ್ ಯಂತ್ರಗಳು ಹೆಚ್ಚಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿವೆ. ದೂರದವರು ಕನಿಷ್ಠ ಮೂರು ದಿನ ಲೆಕ್ಕಕ್ಕೆ ಇಟ್ಟುಕೊಳ್ಳಿ: ತಪಾಸಣೆಯ ದಿನ, ಚಿಕಿತ್ಸೆಯ ದಿನ, ಮರುದಿನದ ನೋಟ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬೇಕು, ಆ ಕಾಲದಲ್ಲಿ ಪವರ್ ಏರುಪೇರಾಗುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರು, ಸಂಧಿವಾತದಂಥ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಮೊಡವೆಗೆ ಐಸೋಟ್ರೆಟಿನಾಯಿನ್ ನುಂಗುತ್ತಿರುವವರು ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಮೊಡವೆ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎನ್ನಬೇಡಿ, ಅದು ಕಣ್ಣೀರನ್ನು ಒಣಗಿಸುತ್ತದೆ.

ನೌಕರಿಯ ಮಾತೂ ಇಲ್ಲೇ ಬರಬೇಕು. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಲೇಸರ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಸೇನೆಯಲ್ಲಿ ಚಿಕಿತ್ಸೆಯ ವಯಸ್ಸು, ಆಮೇಲೆ ಕಳೆದ ಅವಧಿ, ಉಳಿದ ಕಾರ್ನಿಯಾದ ದಪ್ಪ ಎಲ್ಲದಕ್ಕೂ ಷರತ್ತುಗಳಿವೆ. ಅಂಥ ಕನಸಿದ್ದರೆ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಓದಿದ ಮೇಲೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿ.

ತಪಾಸಣೆಗೆ ಹೋಗುವ ಮುನ್ನ

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಒತ್ತಿ ಬದಲಿಸುತ್ತದೆ. ಮೆತ್ತನೆಯ ಲೆನ್ಸ್ ಹಾಕುವವರು ಒಂದರಿಂದ ಎರಡು ವಾರ, ಸಿಲಿಂಡರ್ (ಕಾರ್ನಿಯಾದ ಬಾಗು ಎಲ್ಲೆಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಪವರ್) ಇರುವ ಮೆತ್ತನೆಯ ಲೆನ್ಸ್ ಆದರೆ ಎರಡು ವಾರ, ಗಟ್ಟಿ ಲೆನ್ಸ್ ಹಾಕುವವರು ಮೂರು–ನಾಲ್ಕು ವಾರ ಮೊದಲೇ ತೆಗೆದಿಡಬೇಕು. ನಿನ್ನೆ ರಾತ್ರಿ ತೆಗೆದು ಇವತ್ತು ಬಂದರೆ ಅಳತೆ ತಪ್ಪುತ್ತದೆ, ತಪ್ಪು ಅಳತೆಯ ಮೇಲೆಯೇ ಲೇಸರ್ ನಡೆಯುತ್ತದೆ. ಅಂದು ಪಾಪೆ ಹಿಗ್ಗಿಸುವ ಹನಿ ಹಾಕುವುದರಿಂದ ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಬೈಕ್ ಒಯ್ಯಬೇಡಿ.

ಯಾವ ಪರೀಕ್ಷೆ, ಯಾಕೆ

ಪೆಂಟಾಕ್ಯಾಮ್ ಅಥವಾ ಅದರಂಥ ಯಂತ್ರ ಕಾರ್ನಿಯಾದ ಮುಂಭಾಗ, ಹಿಂಭಾಗ, ದಪ್ಪ ಮೂರನ್ನೂ ಬಣ್ಣದ ನಕ್ಷೆಯಲ್ಲಿ ತೋರಿಸುತ್ತದೆ. ಹುಡುಕುವುದು ಮುಖ್ಯವಾಗಿ ಕೆರಟೋಕೋನಸ್ ಎಂಬ ದೋಷವನ್ನು. ಕಾರ್ನಿಯಾ ಒಂದೆಡೆ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆ ಇದು. ಇದರ ಮೊದಲ ಸುಳಿವು ಹಿಂಭಾಗದಲ್ಲಿ ಸಿಗಬಹುದು, ಹಾಗಾಗಿ ಮುಂಭಾಗವನ್ನಷ್ಟೇ ಅಳೆಯುವ ಹಳೆಯ ಯಂತ್ರ ಸಾಲದು. ಧೂಳಿನ ಅಲರ್ಜಿಯಿಂದ ಚಿಕ್ಕಂದಿನಿಂದಲೂ ಕಣ್ಣುಜ್ಜುವ ಅಭ್ಯಾಸವಿದ್ದವರಲ್ಲಿ ಈ ಅಪಾಯ ಹೆಚ್ಚು. ಇಂಥ ಕಣ್ಣಿಗೆ ಲೇಸರ್ ಕೊಟ್ಟರೆ ಮೊದಲೇ ಸೋತ ಗೋಡೆಯನ್ನು ಕೆತ್ತಿದಂತೆ. ಆರು ತಿಂಗಳಿಗೋ ಮೂರು ವರ್ಷಕ್ಕೋ ಕಾರ್ನಿಯಾ ಜಗ್ಗುತ್ತದೆ. ಇದನ್ನು ಎಕ್ಟೇಸಿಯಾ ಎನ್ನುತ್ತಾರೆ. ಆಗ ಕನ್ನಡಕ ಹಾಕಿದರೂ ಸ್ಪಷ್ಟವಾಗಿ ಕಾಣುವುದಿಲ್ಲ.

ಕಣ್ಣೀರಿನ ಪರೀಕ್ಷೆಯಲ್ಲಿ ಕೆಳರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಮರಗಟ್ಟಿಸುವ ಹನಿ ಹಾಕದೆ ನೋಡಿದಾಗ 10 ಮಿಲಿಮೀಟರ್‌ಗಿಂತ ಕಡಿಮೆ ಒದ್ದೆಯಾದರೆ ಕಣ್ಣು ಒಣಗಿದೆ ಎಂದು ಅನುಮಾನಿಸಬೇಕು. ಮೊದಲು ಅದಕ್ಕೆ ಮದ್ದು, ಆಮೇಲೆ ಲೇಸರ್.

ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯ ಒಳಪದರವಾದ ರೆಟಿನಾದ, ಪರೀಕ್ಷೆಯನ್ನು ಬಿಡಿಸಿಕೊಳ್ಳಬೇಡಿ. ಮೈನಸ್ ಪವರ್ ಹೆಚ್ಚಿರುವವರ ಅಕ್ಷಿಪಟಲ ಅಂಚಿನಲ್ಲಿ ತೆಳುವಾಗಿರುತ್ತದೆ, ಕೆಲವೊಮ್ಮೆ ಸಣ್ಣ ತೂತುಗಳಿರುತ್ತವೆ. ಅವನ್ನು ಬೇರೆ ಬಗೆಯ ಲೇಸರ್‌ನಿಂದ ಮೊದಲು ಭದ್ರಪಡಿಸಬೇಕಾಗಬಹುದು. ಕನ್ನಡಕ ಹೋದ ಮೇಲೂ ಒಳಗಿನ ಉದ್ದ ಕಣ್ಣು ಉದ್ದವಾಗಿಯೇ ಇರುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸುವುದು ತಪ್ಪುವುದಿಲ್ಲ.

ಲೆಕ್ಕ ಹಾಕುವ ಬಗೆ

ಕಾರ್ನಿಯಾದ ನಡುಭಾಗ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಂದರೆ 500 ಮೈಕ್ರಾನ್ ಆಸುಪಾಸು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು. ವರದಿಯಲ್ಲಿ ಎಲ್ಲಕ್ಕಿಂತ ತೆಳುವಾದ ಬಿಂದುವಿನ ದಪ್ಪ ಹುಡುಕಿ ಬರೆದುಕೊಳ್ಳಿ. ಲ್ಯಾಸಿಕ್ ಎಂಬ ಲೇಸರ್ ವಿಧಾನದಲ್ಲಿ ಮೊದಲು 100–120 ಮೈಕ್ರಾನ್ ದಪ್ಪದ ತೆಳು ಪದರವನ್ನು ಮುಚ್ಚಳದಂತೆ ಎತ್ತುತ್ತಾರೆ. ಇದನ್ನು ಫ್ಲಾಪ್ ಎನ್ನುತ್ತಾರೆ. ಕೆಳಗೆ ಪ್ರತಿ ಒಂದು ಪವರ್‌ಗೆ ಸುಮಾರು 15 ಮೈಕ್ರಾನ್ ಕೆತ್ತಿ ಫ್ಲಾಪನ್ನು ಮತ್ತೆ ಮುಚ್ಚುತ್ತಾರೆ. ಕೆಳಗೆ ಮುಟ್ಟದೆ ಉಳಿದ ಭಾಗ 250 ಮೈಕ್ರಾನ್‌ಗಿಂತ ಎಂದಿಗೂ ಕಡಿಮೆಯಾಗಬಾರದು, 300 ಇದ್ದರೆ ನೆಮ್ಮದಿ. ಫ್ಲಾಪ್ ಮತ್ತು ಕೆತ್ತಿದ್ದು ಸೇರಿ ಒಟ್ಟು ದಪ್ಪದ ನೂರಕ್ಕೆ 40 ಮೀರಬಾರದು ಎಂಬುದು ಇನ್ನೊಂದು ಗೆರೆ. ಫ್ಲಾಪ್ ಮತ್ತೆ ಅಂಟಿಕೊಂಡರೂ ಕಣ್ಣಿಗೆ ಬಲ ಕೊಡುವುದಿಲ್ಲ, ಅದಕ್ಕೇ ಅದನ್ನೂ ಕಳೆಯಬೇಕು.

ಉದಾಹರಣೆಗೆ ಕಾರ್ನಿಯಾ 530, ಪವರ್ ಮೈನಸ್ 4, ಸಿಲಿಂಡರ್ ಮೈನಸ್ 1. ಎರಡೂ ಸೇರಿ 5. ಕೆತ್ತುವುದು 75, ಫ್ಲಾಪ್ 110, ಒಟ್ಟು 185. ಉಳಿಯುವುದು 345, ಬಳಸಿದ್ದು ನೂರಕ್ಕೆ 35. ನಕ್ಷೆಯೂ ಚೆನ್ನಾಗಿದ್ದರೆ ಅಡ್ಡಿಯಿಲ್ಲ.

ಇನ್ನೊಬ್ಬರದು 490, ಪವರ್ ಮೈನಸ್ 7. ಕೆತ್ತುವುದು 105, ಫ್ಲಾಪ್ 110, ಒಟ್ಟು 215. ಉಳಿಯುವುದು 275. 250ರ ಗೆರೆಗಿಂತ ಕೆಳಗೆ ಇಳಿದಿಲ್ಲ, ಆದರೆ ಬಳಸಿದ್ದು ನೂರಕ್ಕೆ 44. ಇಂಥವರಿಗೆ "250ಕ್ಕಿಂತ ಜಾಸ್ತಿ ಇದೆಯಲ್ಲ" ಎಂದು ಲ್ಯಾಸಿಕ್‌ಗೆ ಒಪ್ಪಿಸಿದರೆ ಎದ್ದು ಬನ್ನಿ.

ಯಾವ ವಿಧಾನ

ಪಿಆರ್‌ಕೆ ಎಂಬ ಇನ್ನೊಂದು ಲೇಸರ್ ವಿಧಾನದಲ್ಲಿ ಫ್ಲಾಪ್ ಇಲ್ಲ. ಸುಮಾರು 50 ಮೈಕ್ರಾನ್‌ನ ಹೊರಚರ್ಮ ತೆಗೆದು ನೇರ ಲೇಸರ್ ಕೊಡುತ್ತಾರೆ, ಆ ಚರ್ಮ ಮತ್ತೆ ಬೆಳೆಯುತ್ತದೆ. ತೆಳು ಕಾರ್ನಿಯಾಗೆ, ಕಬಡ್ಡಿ–ಕುಸ್ತಿ ಆಡುವವರಿಗೆ ಇದು ಹೊಂದುತ್ತದೆ, ಏಟಿಗೆ ಜರುಗುವ ಮುಚ್ಚಳವೇ ಇರುವುದಿಲ್ಲ. ಬದಲಿಗೆ ಎರಡು–ಮೂರು ದಿನ ಚೆನ್ನಾಗಿ ನೋವಿರುತ್ತದೆ, ನೋಟ ತಿಳಿಯಾಗಲು ವಾರಗಳು ಬೇಕು. ಪವರ್ ಹೆಚ್ಚಿದ್ದರೆ ಕಾರ್ನಿಯಾದಲ್ಲಿ ಮಂಜು ಕಟ್ಟಬಹುದು, ಅದನ್ನು ತಡೆಯಲು ಮೈಟೊಮೈಸಿನ್ ಎಂಬ ಔಷಧಿಯನ್ನು ಕೆಲವೇ ಸೆಕೆಂಡು ಮುಟ್ಟಿಸಿ ತೊಳೆಯುತ್ತಾರೆ.

ಸ್ಮೈಲ್ ವಿಧಾನದಲ್ಲಿ ಕಾರ್ನಿಯಾದ ಒಳಗೇ ಒಂದು ತೆಳುಬಿಲ್ಲೆ ಕತ್ತರಿಸಿ, 2–4 ಮಿಲಿಮೀಟರ್ ಸೀಳಿನಿಂದ ಹೊರತೆಗೆಯುತ್ತಾರೆ. ಹೊರಗಿನ ನರಗಳು ಕಡಿಮೆ ಕಡಿಯುವುದರಿಂದ ಕಣ್ಣು ಒಣಗುವುದು ಸ್ವಲ್ಪ ಕಡಿಮೆ. ಅಷ್ಟೇ ಪವರ್‌ಗೆ ತೆಗೆಯುವ ಅಂಗಾಂಶ ಮಾತ್ರ ಲ್ಯಾಸಿಕ್‌ಗಿಂತ ತುಸು ಹೆಚ್ಚು. ಹೊಸ ಹೆಸರು ಕೇಳಿದ ಕೂಡಲೇ ತೆಳು ಕಾರ್ನಿಯಾಕ್ಕೂ ಆಗುತ್ತದೆ ಎಂದುಕೊಳ್ಳಬೇಡಿ.

ಮೇಲಿನ ಎರಡನೇ ಉದಾಹರಣೆಯವರಿಗೆ, ಮೈನಸ್ 8–10 ಮೀರಿದವರಿಗೆ ಕಾರ್ನಿಯಾವನ್ನು ಮುಟ್ಟದೆ ಕಣ್ಣೊಳಗೆ ಲೆನ್ಸ್ ಇಡುವ ಐಸಿಎಲ್ ದಾರಿಯಿದೆ. ಅದಕ್ಕೆ ಕಣ್ಣಿನ ಮುಂಕೋಣೆ, ಅಂದರೆ ಕಾರ್ನಿಯಾಕ್ಕೂ ಕಣ್ಣಿನ ಸಹಜ ಮಸೂರಕ್ಕೂ ನಡುವಿನ ಜಾಗ, ಸುಮಾರು 2.8 ಮಿಲಿಮೀಟರ್ ಆಳವಿರಬೇಕು. ಖರ್ಚು ಜಾಸ್ತಿ.

ನಲವತ್ತರ ಹತ್ತಿರದವರು ಒಂದು ತಿಳಿದಿರಲಿ: ದೂರದ ನೋಟ ಸರಿಯಾದರೂ ಪತ್ರಿಕೆ ಓದಲು ಚಾಳೀಸು ಬೇಕಾಗುತ್ತದೆ. ಮೈನಸ್ 2 ಇರುವವರು ಈಗ ಕನ್ನಡಕ ತೆಗೆದು ಆರಾಮಾಗಿ ಓದುತ್ತಿರುತ್ತಾರೆ, ಆ ಸುಖ ಹೋಗುತ್ತದೆ.

ವಿಮೆಯವರು 7.5ಕ್ಕಿಂತ ಕಡಿಮೆ ಪವರ್‌ಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಪ್ಯಾಕೇಜಿನಲ್ಲಿ ತಪಾಸಣೆ, ಹನಿಗಳು, ಆರು ತಿಂಗಳ ಭೇಟಿಗಳು, ಪವರ್ ಉಳಿದರೆ ಎರಡನೇ ಬಾರಿಯ ಲೇಸರ್ ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ.

ಚಿಕಿತ್ಸೆಯ ದಿನ

ಹಗುರವಾಗಿ ತಿಂಡಿ ತಿಂದು, ಹಿಂದಿನ ದಿನವೇ ತಲೆಸ್ನಾನ ಮುಗಿಸಿ ಹೋಗಿ. ತಲೆಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಮೈಗೆ ಸೆಂಟು ಬೇಡ. ಸೆಂಟಿನ ಆವಿ ಲೇಸರ್ ಕಿರಣದ ಬಲವನ್ನು ಏರುಪೇರು ಮಾಡಬಲ್ಲದು. ಸೂಜಿಯಿಲ್ಲ, ಹನಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ, ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಇಡುತ್ತಾರೆ. ಫ್ಲಾಪ್ ಮಾಡುವಾಗ ಕಣ್ಣನ್ನು ಹೀರಿ ಹಿಡಿಯುವುದರಿಂದ ಕೆಲವು ಸೆಕೆಂಡು ಒತ್ತಿದಂತಾಗಿ ಕತ್ತಲು ಕವಿಯಬಹುದು. ಹೆದರಿ ಕಣ್ಣು ಹೊರಳಿಸಬೇಡಿ, ಹಿಡಿತ ತಪ್ಪಿದರೆ ಅಂದಿನ ಕೆಲಸ ನಿಲ್ಲುತ್ತದೆ. ಆಮೇಲೆ ಮಿನುಗುವ ಬೆಳಕನ್ನೇ ನೋಡುತ್ತಿರಿ. ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಆದರೆ ಕಣ್ಣು ಸುಡುತ್ತಿರುವುದಿಲ್ಲ. 193 ನ್ಯಾನೋಮೀಟರ್‌ನ ಎಕ್ಸೈಮರ್ ಕಿರಣ ಅಣುಗಳ ಬಂಧ ಬಿಡಿಸುತ್ತದೆ, ಪಕ್ಕದ ಅಂಗಾಂಶಕ್ಕೆ ಶಾಖ ತಾಗಿಸುವುದಿಲ್ಲ. ಈ ಗುಣವನ್ನು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಚೆನ್ನೈನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು.

ಮನೆಗೆ ಬಂದ ಮೇಲೆ

ನಾಲ್ಕಾರು ಗಂಟೆ ಉರಿ, ನೀರು ಸುರಿಯುವುದು ಸಹಜ. ಮಲಗಿಬಿಡುವುದೇ ಒಳ್ಳೆಯದು. ಒಂದು ವಾರ ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿಕೊಳ್ಳಿ, ನಿದ್ದೆಯಲ್ಲಿ ಉಜ್ಜಿದರೆ ಫ್ಲಾಪ್ ಜರುಗುತ್ತದೆ. ಒಂದು ವಾರ ತಲೆಗೆ ನೀರು ಹಾಕಬೇಡಿ. ಹಾಕಲೇಬೇಕಿದ್ದರೆ ಹಿಂದಕ್ಕೆ ಬಾಗಿ, ಬೇರೆಯವರ ಕೈಯಲ್ಲಿ. ಸೀಗೆಪುಡಿ ಸ್ವಲ್ಪ ದಿನ ದೂರವಿರಲಿ. ಒಕ್ಕಣೆಯ ಧೂಳು, ಒಲೆಯ ಹೊಗೆ, ಬೈಕ್ ಗಾಳಿಗೆ ರಕ್ಷಣೆಯ ಕನ್ನಡಕ ಹಾಕದೆ ಹೋಗಬೇಡಿ. ಈಜು, ಕೆರೆ–ಹೊಳೆ ಸ್ನಾನ ಒಂದು ತಿಂಗಳು ಬೇಡ.

ಹನಿಗಳನ್ನು ಚೀಟಿಯಂತೆಯೇ ಹಾಕಿ. ಲ್ಯಾಸಿಕ್ ಆದರೆ ಸೋಂಕುನಿವಾರಕ ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ, ಒಂದು ವಾರ. ಸ್ಟೀರಾಯ್ಡ್ ಹನಿಯನ್ನು ಹಂತಹಂತವಾಗಿ ಇಳಿಸುತ್ತಾರೆ, ಪಿಆರ್‌ಕೆಯಲ್ಲಿ ಅದು ತಿಂಗಳುಗಟ್ಟಲೆ ನಡೆಯಬಹುದು. ತೇವದ ಹನಿ ಮೂರು ತಿಂಗಳು ಅಥವಾ ಹೆಚ್ಚು. ಒಂದು ಹನಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕಣ್ಣು ಕೆಂಪಾಯಿತೆಂದು ಹಳೆಯ ಬಾಟಲಿಯನ್ನೋ ಮೆಡಿಕಲ್ ಶಾಪಿನವರು ಕೊಟ್ಟದ್ದನ್ನೋ ಮುಂದುವರಿಸಬೇಡಿ: ಸ್ಟೀರಾಯ್ಡ್ ಹನಿ ಕೆಲವರಲ್ಲಿ ಕಣ್ಣೊಳಗಿನ ಒತ್ತಡ ಏರಿಸಿ, ನೋವೇ ಇಲ್ಲದೆ ನರವನ್ನು ಹಾಳು ಮಾಡುತ್ತದೆ.

ರಾತ್ರಿ ದೀಪದ ಸುತ್ತ ಬಳೆ ಕಾಣುವುದು, ಸಂಜೆಗೆ ಕಣ್ಣು ಒಣಗುವುದು ಹೆಚ್ಚಿನವರಿಗೆ ಮೂರು–ಆರು ತಿಂಗಳಲ್ಲಿ ತಗ್ಗುತ್ತದೆ. ಮೊದಲ ದಿನದ ನಂತರ ನೋವು ಹೆಚ್ಚಿದರೆ, ಸ್ಪಷ್ಟವಾಗಿದ್ದ ನೋಟ ಮಸುಕಾದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕಣ್ಣಿಗೆ ಏಟು ಬಿದ್ದರೆ ಅಂದೇ ಹೋಗಬೇಕು. ಮರುದಿನ, ಒಂದು ವಾರ, ಒಂದು ತಿಂಗಳು, ಮೂರು ತಿಂಗಳ ಭೇಟಿ ತಪ್ಪಿಸಬೇಡಿ. ಮೊದಲೆರಡು ಭೇಟಿ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಆಗಲಿ. ಆಮೇಲಿನದನ್ನು, ಒಪ್ಪಿಗೆ ಪಡೆದು, ಹತ್ತಿರದ ಕಣ್ಣಿನ ವೈದ್ಯರಲ್ಲಿ ಮಾಡಿಸಬಹುದು, ಅಲ್ಲಿ ಕಣ್ಣಿನ ಒತ್ತಡ ಅಳೆಯುವ ಸಾಧನವಿರಬೇಕು.

ಚಿಕಿತ್ಸೆಗೆ ಮೊದಲಿನ ಪವರ್, ಕಾರ್ನಿಯಾದ ವಕ್ರತೆ, ದಪ್ಪ, ಕೆತ್ತಿದ ಮೈಕ್ರಾನ್ ಇರುವ ಹಾಳೆಗಳನ್ನು ಕೇಳಿ ಪಡೆದು ಫೋನಿನಲ್ಲೂ ಫೋಟೋ ಇಟ್ಟುಕೊಳ್ಳಿ. ಅರವತ್ತರ ಸುಮಾರಿಗೆ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕಕ್ಕೆ ಆ ಹಳೆಯ ಅಂಕಿಗಳು ಬೇಕಾಗುತ್ತವೆ. ಕಣ್ಣಿನ ಒತ್ತಡದಿಂದ ನರ ಹಾಳಾಗುವ ಗ್ಲಾಕೋಮಾದ ತಪಾಸಣೆಗೆ ಹೋದಾಗಲೂ ಲೇಸರ್ ಆಗಿದೆ ಎಂದು ಮೊದಲೇ ಹೇಳಿ. ತೆಳುವಾದ ಕಾರ್ನಿಯಾದಲ್ಲಿ ಯಂತ್ರ ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸುತ್ತದೆ.